ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಪಂದ್ಯಕ್ಕೆ ಯಾವ ಪಿಸ್ತೂಲು?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವನು, ವಯಸ್ಸು 44. ಹನ್ನೆರಡು ವರ್ಷಗಳಿಂದ ಡಲ್ಲಾಸ್‌ನಲ್ಲಿದ್ದೇನೆ, ಕಳೆದ ವರ್ಷ ಗ್ರೀನ್ ಕಾರ್ಡ್ ಬಂತು. ಊರಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆದ ಅನುಭವವಿದೆ; ಪಿಸ್ತೂಲು ಮಾತ್ರ ಹೊಸದು. ಇಲ್ಲಿನ ಯುಎಸ್‌ಪಿಎಸ್‌ಎ ಪಂದ್ಯಗಳಲ್ಲಿ ಆಡುವ ಆಸೆ. ಒಬ್ಬ ಗೆಳೆಯ ಗ್ಲಾಕ್ 34 ಎನ್ನುತ್ತಾನೆ, ಇನ್ನೊಬ್ಬ ಸಿಝೆಡ್ ಶ್ಯಾಡೋ 2 ಎನ್ನುತ್ತಾನೆ, ಮೂರನೆಯವನು 2011 ಎಂಬ ಹೆಸರಿನ ಮಾದರಿಯೇ ಆಗಬೇಕು ಎನ್ನುತ್ತಾನೆ. ಎರಡು ಸಾವಿರ ಡಾಲರ್ ಎತ್ತಿಟ್ಟಿದ್ದೇನೆ. ಯಾವುದನ್ನು ಕೊಳ್ಳಲಿ? ಮುಂದೆ ಊರಿಗೆ ಮರಳುವಾಗ ಜೊತೆಗೆ ತರಬಹುದೇ?

ಉತ್ತರ: ನಿಮ್ಮ ಮೂವರು ಗೆಳೆಯರೂ ತಪ್ಪು ಹೇಳಿಲ್ಲ. ಆದರೆ ಮೂವರೂ ಒಂದೇ ಪಂದ್ಯದ ಮಾತನ್ನಾಡುತ್ತಿಲ್ಲ. ಈ ಕ್ರೀಡೆಯಲ್ಲಿ ಯಾವ ಪಿಸ್ತೂಲು ಯಾವ ವಿಭಾಗಕ್ಕೆ ಸಲ್ಲುತ್ತದೆ ಎಂಬುದನ್ನು ನಿಯಮಪುಸ್ತಕ ಕಟ್ಟುನಿಟ್ಟಾಗಿ ಹೇಳುತ್ತದೆ. ಆದ್ದರಿಂದ ಮೊದಲು ವಿಭಾಗವನ್ನು ಗೊತ್ತುಮಾಡಿಕೊಂಡು, ಆಮೇಲೆ ಅಂಗಡಿಯ ಮೆಟ್ಟಿಲು ಹತ್ತುವುದು ಒಳ್ಳೆಯದು.

ಕ್ರೀಡೆಯ ಸ್ವರೂಪವನ್ನು ಮೊದಲು ಹೇಳಿಬಿಡುತ್ತೇನೆ. 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಜೆಫ್ ಕೂಪರ್ ಅವರ ಅಧ್ಯಕ್ಷತೆಯಲ್ಲಿ ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅದರ ಅಮೆರಿಕದ ಶಾಖೆಯಾಗಿ ಯುಎಸ್‌ಪಿಎಸ್‌ಎ 1984ರಲ್ಲಿ ರೂಪುಗೊಂಡಿತು. ನಿಖರತೆ, ಶಕ್ತಿ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳು ಇದರ ಧ್ಯೇಯವಾಕ್ಯ. ತೆಂಗಿನಕಾಯಿಯ ಸ್ಪರ್ಧೆಯಲ್ಲಿ ನೀವು ನಿಂತಲ್ಲೇ ನಿಂತು, ಉಸಿರು ಬಿಗಿಹಿಡಿದು, ಒಂದು ಕಾಯಿಗೆ ಒಂದು ಗುಂಡು ಹೊಡೆಯುತ್ತೀರಿ. ಇಲ್ಲಿ ಬೀಪ್ ಸದ್ದು ಕೇಳಿದೊಡನೆ ಸೊಂಟದಿಂದ ಪಿಸ್ತೂಲನ್ನು ಎಳೆದು, ಓಡುತ್ತಾ, ಗೋಡೆಗಳ ಮರೆಯಿಂದ ಇಣುಕುತ್ತಾ, ಹತ್ತು ಹನ್ನೆರಡು ರಟ್ಟಿನ ಗುರಿಗಳಿಗೆ ಎರಡೆರಡು ಗುಂಡು ಹೊಡೆಯಬೇಕು. ಗಳಿಸಿದ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಹಿಟ್ ಫ್ಯಾಕ್ಟರ್ ಎನ್ನುತ್ತಾರೆ.

ಒಂದು ಲೆಕ್ಕ ನೋಡಿ. ಹನ್ನೆರಡು ಗುರಿ, 24 ಗುಂಡು, ನಡುವಿನ ಎ ವಲಯಕ್ಕೆ ತಲಾ 5 ಅಂಕ ಎಂದುಕೊಳ್ಳೋಣ. ಒಬ್ಬರು ಎಲ್ಲವನ್ನೂ ಎ ವಲಯಕ್ಕೇ ಹೊಡೆದು 20 ಸೆಕೆಂಡ್ ತೆಗೆದುಕೊಂಡರೆ 120 ಅಂಕ, ಹಿಟ್ ಫ್ಯಾಕ್ಟರ್ 6. ಇನ್ನೊಬ್ಬರು ನಾಲ್ಕು ಗುಂಡನ್ನು ಅದರ ಪಕ್ಕದ ಸಿ ವಲಯಕ್ಕೆ ಬಿಟ್ಟು 17 ಸೆಕೆಂಡಿನಲ್ಲಿ ಮುಗಿಸಿದರೆ ಅಂಕ 112 ಆದರೂ ಹಿಟ್ ಫ್ಯಾಕ್ಟರ್ 6.59. ಮೂರನೆಯವರು ಇನ್ನೂ ಅವಸರಪಟ್ಟು 15.5 ಸೆಕೆಂಡಿನಲ್ಲಿ ಮುಗಿಸಿದರೂ, ಆರು ಗುಂಡು ಸಿ ವಲಯಕ್ಕೆ ಹೋಗಿ ಎರಡು ಗುರಿಯನ್ನೇ ತಪ್ಪಿದರೆ, ತಪ್ಪಿದ ಒಂದೊಂದು ಗುಂಡಿಗೂ 10 ಅಂಕ ಕಳೆದು, ಉಳಿಯುವುದು 78 ಅಂಕ, ಹಿಟ್ ಫ್ಯಾಕ್ಟರ್ 5.03. ನಿಮಗೆ ಬೇಕಾದುದು ಎರಡನೆಯವರಂತೆ ಹೊಡೆಯಲು ಆಸ್ಪದ ಕೊಡುವ ಪಿಸ್ತೂಲು: ಒದೆತ ಕಡಿಮೆ ಇರಬೇಕು, ಒದ್ದ ಮೇಲೆ ತಾನಾಗಿಯೇ ಗುರಿಗೆ ಮರಳಬೇಕು, ಮುಖ್ಯವಾಗಿ ಸಿಕ್ಕಿಹಾಕಿಕೊಳ್ಳದೆ ನಡೆಯಬೇಕು.

ಮೇಲಿನ ಲೆಕ್ಕದಲ್ಲಿ ಸಿ ವಲಯಕ್ಕೆ 3 ಅಂಕ ಹಿಡಿದಿದ್ದೇನೆ. ಅದು ಮೈನರ್, ಅಂದರೆ ಕಡಿಮೆ ಶಕ್ತಿಯ ಗುಂಡಿನ ಲೆಕ್ಕ. ಹೆಚ್ಚು ಶಕ್ತಿಯ ಮೇಜರ್ ಆದರೆ 4. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ಹಿಡಿದು, ಗುಣಿಸಿ, ಸಾವಿರದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್ ಸಿಗುತ್ತದೆ. ಮೈನರ್‌ಗೆ ಕನಿಷ್ಠ 125, ಯುಎಸ್‌ಪಿಎಸ್‌ಎಯಲ್ಲಿ ಮೇಜರ್‌ಗೆ 165 ಬೇಕು. 124 ಗ್ರೇನಿನ 9 ಎಂಎಂ ಗುಂಡು 1,050 ಅಡಿ ವೇಗದಲ್ಲಿ ಹೋದರೆ 130 ಆಯಿತು, ಮೈನರ್‌ಗೆ ಸಾಕು. ದೊಡ್ಡ ಪಂದ್ಯಗಳಲ್ಲಿ ನಿಮ್ಮ ಗುಂಡುಗಳನ್ನು ಕೇಳಿ ಪಡೆದು, ಒಂದನ್ನು ಬಿಚ್ಚಿ ತೂಗಿ, ಉಳಿದವನ್ನು ನಿಮ್ಮ ಪಿಸ್ತೂಲಿನಿಂದಲೇ ಹಾರಿಸಿ ವೇಗ ಅಳೆಯುತ್ತಾರೆ. 125ರ ಕೆಳಗೆ ಬಂದರೆ ಆ ದಿನದ ನಿಮ್ಮ ಅಂಕವೆಲ್ಲ ಶೂನ್ಯ.

ನಿಮಗೆ ನಾನು ಹೇಳುವ ವಿಭಾಗ ಕ್ಯಾರಿ ಆಪ್ಟಿಕ್ಸ್, ಅಂದರೆ ಪಿಸ್ತೂಲಿನ ಮೇಲೆ ರೆಡ್ ಡಾಟ್ ಎಂಬ ಗಾಜಿನ ಗುರಿಸಾಧನ ಕೂರಿಸಿ ಆಡುವ ವಿಭಾಗ. ಇಲ್ಲಿ ಎಲ್ಲರಿಗೂ ಮೈನರ್ ಲೆಕ್ಕವೇ ಆದ್ದರಿಂದ ಅಗ್ಗದ 9 ಎಂಎಂ ಗುಂಡು ಸಾಕು. ಇನ್ನೊಂದು ಕಾರಣ ನಿಮ್ಮ ವಯಸ್ಸು. ನಲವತ್ತು ದಾಟಿ ಚಾಳೀಸು ಬಂದ ಕಣ್ಣಿಗೆ ಕೈಯಳತೆ ದೂರದ ಮುಂಗುರಿ ಮಸುಕಾಗುತ್ತದೆ. ಅದನ್ನು ಸ್ಪಷ್ಟಗೊಳಿಸುವ ಕನ್ನಡಕ ಹಾಕಿದರೆ ದೂರದ ರಟ್ಟು ಮಸುಕಾಗುತ್ತದೆ. ರೆಡ್ ಡಾಟ್ ಇದ್ದರೆ ದೃಷ್ಟಿ ಗುರಿಯ ಮೇಲೆಯೇ ನೆಟ್ಟಿದ್ದರೂ ಕೆಂಪು ಚುಕ್ಕೆ ಅದರ ಮೇಲೆ ಬಂದು ಕೂರುತ್ತದೆ. ಈ ವಿಭಾಗದಲ್ಲಿ ಪಿಸ್ತೂಲಿನ ತೂಕ 59 ಔನ್ಸ್ ಮೀರಬಾರದು, ಮ್ಯಾಗಜೀನ್‌ನ ಉದ್ದ 141.25 ಮಿಲಿಮೀಟರ್ ದಾಟಬಾರದು; ನಿಯಮಗಳು ಆಗಾಗ ಬದಲಾಗುತ್ತವೆಯಾದ್ದರಿಂದ ಕೊಳ್ಳುವ ವಾರದಲ್ಲಿ ಒಮ್ಮೆ ನಿಯಮಪುಸ್ತಕವನ್ನು ತೆರೆದು ನೋಡಿ.

ಇಷ್ಟು ತೀರ್ಮಾನವಾದರೆ 2011 ತಾನಾಗಿಯೇ ಪಟ್ಟಿಯಿಂದ ಹೊರಬೀಳುತ್ತದೆ. ಅದು ಸಿಂಗಲ್ ಆ್ಯಕ್ಷನ್ ಪಿಸ್ತೂಲು (ಗುಂಡನ್ನು ಸಿಡಿಸುವ ಹ್ಯಾಮರನ್ನು ಮೊದಲೇ ಹಿಂದಕ್ಕೆಳೆದಿಟ್ಟಿದ್ದರೆ ಮಾತ್ರ ಟ್ರಿಗರ್ ಕೆಲಸ ಮಾಡುವಂಥದ್ದು), ಕ್ಯಾರಿ ಆಪ್ಟಿಕ್ಸ್‌ಗೆ ಸಲ್ಲದು. ಲಿಮಿಟೆಡ್ ಆಪ್ಟಿಕ್ಸ್, ಲಿಮಿಟೆಡ್, ಓಪನ್ ಮುಂತಾದ ವಿಭಾಗಗಳಿಗೆ ಹೋಗಬೇಕು. ಅದರ ಟ್ರಿಗರ್‌ನ ಸೊಗಸಿಗೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಒಂದೊಂದು ಮ್ಯಾಗಜೀನ್‌ಗೇ ನೂರು ಡಾಲರ್ ಆಸುಪಾಸು ತೆರಬೇಕು, ಗುಂಡನ್ನು ಹಿಡಿದಿಡುವ ಅವುಗಳ ಬಾಯಂಚುಗಳನ್ನು ಅಳೆದು ತಿದ್ದಿಕೊಳ್ಳುವ ಸಹನೆಯೂ ಬೇಕು. ನಾನೂ ಮೊದಲಿಗೆ ಸೆಕೆಂಡ್‌ಹ್ಯಾಂಡ್ 2011 ಒಂದನ್ನು ಮೋಹಪಟ್ಟು ಕೊಂಡು, ಒಂದು ಋತುವಿಡೀ ಗುಂಡು ಹೊಡೆದದ್ದಕ್ಕಿಂತ ಸಿಕ್ಕಿಕೊಂಡ ಗುಂಡನ್ನು ಬಿಡಿಸಿದ್ದೇ ಹೆಚ್ಚಾಗಿ, ನಷ್ಟಕ್ಕೆ ಮಾರಿದವನು.

ಉಳಿದವು ಎರಡು. 1975ರ ಸಿಝೆಡ್ 75ರ ವಂಶದಲ್ಲಿ ಹುಟ್ಟಿದ ಶ್ಯಾಡೋ 2ರ ತೂಕ ಸುಮಾರು 1.3 ಕಿಲೋ, ಪೂರ್ತಿ ಉಕ್ಕು, ಸ್ಲೈಡ್ (ಹಿಂದೆಮುಂದೆ ಸರಿಯುವ ಮೇಲ್ಭಾಗ) ಚೌಕಟ್ಟಿನ ಒಳಗಡೆ ತಗ್ಗಿ ಓಡುತ್ತದೆ, ಆದ್ದರಿಂದ ಒದೆತ ಮೃದು. ಪ್ಲಾಸ್ಟಿಕ್ ಚೌಕಟ್ಟಿನ ಗ್ಲಾಕ್ 34 ಮುಕ್ಕಾಲು ಕಿಲೋ ಆಸುಪಾಸು. ಕೈಯಲ್ಲಿ ಹೆಚ್ಚು ಕುಣಿಯುತ್ತದೆ, ಆದರೆ ಪ್ರತಿ ಗುಂಡಿಗೂ ಟ್ರಿಗರ್‌ನ ಎಳೆತ ಒಂದೇ ಸಮ, ಬಿಡಿಭಾಗಗಳು ಯಾವ ಊರಿನಲ್ಲೂ ಸಿಗುತ್ತವೆ. ಶ್ಯಾಡೋ 2ರಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ನಿಯಮದಂತೆ ಹ್ಯಾಮರ್ ಕೆಳಗಿಳಿದ ಸ್ಥಿತಿಯಲ್ಲಿ ಆಟ ಶುರುವಾಗಬೇಕು, ಆದರೆ ಈ ಪಿಸ್ತೂಲಿನಲ್ಲಿ ಅದನ್ನು ಇಳಿಸುವ ಗುಂಡಿಯಿಲ್ಲ. ಅಂದರೆ ಗುಂಡು ತುಂಬಿದ ಮೇಲೆ, ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆ ಹಿಡಿದು, ಹೆಬ್ಬೆರಳಿನಿಂದ ಹ್ಯಾಮರನ್ನು ತಡೆದುಕೊಂಡೇ ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಬೇಕು. ಬೆವರಿದ ಹೆಬ್ಬೆರಳು ಜಾರಿ ಗುಂಡು ಹಾರಿದರೆ ಆ ಕ್ಷಣವೇ ಅನರ್ಹತೆ. ಅದಾದ ಮೇಲೆ ಮೊದಲ ಗುಂಡಿಗೆ ಉದ್ದನೆಯ, ಭಾರವಾದ ಎಳೆತ, ಎರಡನೆಯದಕ್ಕೆ ಚಿಕ್ಕದು, ಹಗುರ. ಈ ವ್ಯತ್ಯಾಸ ಬೆರಳಿಗೆ ಒಗ್ಗಲು ತಿಂಗಳುಗಳೇ ಬೇಕು.

ನಾನು ಆಡುವುದು ಶ್ಯಾಡೋ 2ರಲ್ಲಿಯೇ. ಆದರೂ ನಿಮಗೆ ರೆಡ್ ಡಾಟ್ ಕೂರಿಸಲು ಬರುವ ಗ್ಲಾಕ್ 34 ಅಥವಾ ಅದೇ ಜಾತಿಯ ವಾಲ್ಥರ್ ಪಿಡಿಪಿಯನ್ನು ಸೂಚಿಸುತ್ತೇನೆ, ಏಕೆಂದರೆ ನಿಮ್ಮ ಹಣದಲ್ಲಿ ಗುಂಡಿಗೂ ಪಾಲು ಉಳಿಯಬೇಕು. ವಾರಕ್ಕೆ 150 ಗುಂಡು ಹೊಡೆದರೆ ವರ್ಷಕ್ಕೆ 7,800 ಆಯಿತು. ಒಂದಕ್ಕೆ 25 ಸೆಂಟ್ ಎಂದರೂ 1,950 ಡಾಲರ್, ಅಂದರೆ ನೀವು ಎತ್ತಿಟ್ಟ ಅಷ್ಟೂ ಹಣ. ಇದರ ಮೇಲೆ ಗಟ್ಟಿ ಬೆಲ್ಟ್, ಹೋಲ್‌ಸ್ಟರ್, ನಾಲ್ಕೈದು ಮ್ಯಾಗಜೀನ್, ಅವುಗಳ ಚೀಲ, ಕಣ್ಣು ಮತ್ತು ಕಿವಿಯ ರಕ್ಷಣೆಯ ಸಾಮಗ್ರಿ ಬೇಕು. ಹೆಚ್ಚು ಬೆಲೆಯ ಪಿಸ್ತೂಲು ಕೊಂಡು ತಿಂಗಳಿಗೊಮ್ಮೆ ಗುಂಡು ಹೊಡೆಯುವವರನ್ನು ಸಾಕಷ್ಟು ಕಂಡಿದ್ದೇನೆ. ಖಾಲಿ ಪಿಸ್ತೂಲಿನಿಂದ ಮನೆಯಲ್ಲಿ ಮಾಡುವ ಅಭ್ಯಾಸಕ್ಕಂತೂ ಖರ್ಚೇ ಇಲ್ಲ. ಆ ಕೋಣೆಯೊಳಗೆ ಒಂದೂ ಗುಂಡು ಇರಬಾರದು, ಅಷ್ಟೆ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ಮಾರುವವರ ಅನುಮತಿ ಪಡೆದು, ಪಿಸ್ತೂಲು ಖಾಲಿ ಎಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಹಿಡಿಯ ತುತ್ತತುದಿಗೆ ಒತ್ತುವಂತೆ ಹಿಡಿದುಕೊಳ್ಳಿ. ಕಣ್ಣು ಮುಚ್ಚಿ, ಅವರು ತೋರಿಸಿದ ಸುರಕ್ಷಿತ ದಿಕ್ಕಿಗೆ ತೋಳುಗಳನ್ನು ಚಾಚಿ, ಕಣ್ಣು ತೆರೆಯಿರಿ. ಕೆಂಪು ಚುಕ್ಕೆ ಗಾಜಿನ ನಡುವೆ ಕಂಡರೆ ಆ ಹಿಡಿ ನಿಮ್ಮದು. ಪ್ರತಿ ಸಲವೂ ಮಣಿಕಟ್ಟನ್ನು ತಿರುಗಿಸಿ ಹುಡುಕಬೇಕಾಗಿ ಬಂದರೆ, ಯಾರು ಎಷ್ಟೇ ಹೊಗಳಿದರೂ ಅದನ್ನು ಮರಳಿ ಇಟ್ಟುಬಿಡಿ. ಬಾಡಿಗೆಗೆ ಕೊಡುವ ರೇಂಜ್‌ಗಳಲ್ಲಿ ಒಂದೊಂದರಿಂದಲೂ ನೂರು ಗುಂಡು ಹೊಡೆದು ನೋಡಿದರೆ ಇನ್ನೂ ವಾಸಿ.

ಹೊಸ ಪಿಸ್ತೂಲನ್ನು ಪಂದ್ಯದ ಬಯಲಿನಲ್ಲಿ ಗೆಳೆಯರಿಗೆ ತೋರಿಸಲೆಂದು ಹೋಲ್‌ಸ್ಟರ್‌ನಿಂದ ತೆಗೆಯಬೇಡಿ. ರೇಂಜ್ ಅಧಿಕಾರಿ "ಮೇಕ್ ರೆಡಿ" ಎನ್ನುವವರೆಗೆ, ಸುರಕ್ಷತಾ ಮೇಜಿನ ಹೊರತು ಬೇರೆಲ್ಲೂ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಒಂದೂ ಗುಂಡು ಹೊಡೆಯದೆ ಮನೆಗೆ ಹೋಗಬೇಕಾಗುತ್ತದೆ. ಊರಿಗೆ ತರುವ ವಿಚಾರವನ್ನು ಕೈಬಿಡಿ. ಭಾರತದಲ್ಲಿ 9 ಎಂಎಂ ಪಿಸ್ತೂಲು ನಿಷೇಧಿತ ಬೋರ್‌ನ ಪಟ್ಟಿಯಲ್ಲಿದೆ. ಹೊರಡುವ ಮುನ್ನ ಅಲ್ಲಿಯೇ ಕಾನೂನುಬದ್ಧವಾಗಿ ಮಾರುವುದೇ ದಾರಿ.

ಪ್ರಶ್ನೆ: ನನ್ನ ಕೈ ಚಿಕ್ಕದು, ಸ್ಲೈಡ್ ಎಳೆಯಲು ಆಗುವುದಿಲ್ಲ. "ಹೆಂಗಸರಿಗೆ ಇದೇ ಸರಿ" ಎಂದು ಅಂಗಡಿಯವರು ಹೇಳಿದರೆಂದು ಯಜಮಾನರು ಪುಟ್ಟ ಪಿಸ್ತೂಲೊಂದನ್ನು ತಂದಿದ್ದಾರೆ. ಅದರಲ್ಲಿ ಪಂದ್ಯ ಆಡಬಹುದೇ? (ಓದುಗರೊಬ್ಬರು, ಷಾರ್ಲಟ್)

ಉತ್ತರ: ಆಡಬಹುದು, ಆದರೆ ನಿಮಗೆ ಆಟವೇ ಬೇಸರವಾದೀತು. ಪುಟ್ಟ ಪಿಸ್ತೂಲು ಹಗುರವಾದ್ದರಿಂದ ಹೆಚ್ಚು ಒದೆಯುತ್ತದೆ, ಚಿಕ್ಕ ಸ್ಲೈಡನ್ನು ತಡೆಯಲು ಅದರ ಸ್ಪ್ರಿಂಗ್ ಕೂಡ ಬಿಗಿಯಾಗಿರುತ್ತದೆ. ನಿಮ್ಮ ಕಷ್ಟದ ಬಹುಪಾಲು ಅದರದೇ, ನಿಮ್ಮ ಕೈಯದಲ್ಲ. ಚಿಕ್ಕ ಕೈಗಳಿಗೆಂದೇ ಹಿಡಿಯ ಸುತ್ತಳತೆ ತಗ್ಗಿಸಿ, ಸ್ಲೈಡ್ ಎಳೆತವನ್ನು ಹಗುರಗೊಳಿಸಿದ ವಾಲ್ಥರ್ ಪಿಡಿಪಿ ಎಫ್ ಮಾದರಿಯನ್ನು ಒಮ್ಮೆ ಹಿಡಿದು ನೋಡಿ. ಶ್ಯಾಡೋ 2ರ ಸ್ಲೈಡ್ ತಗ್ಗಾದ್ದರಿಂದ ಬೆರಳಿಗೆ ಸಿಗುವ ಜಾಗ ಕಡಿಮೆ, ಅದನ್ನು ಮೊದಲೇ ತಿಳಿದಿರಿ. ಎಳೆಯುವ ರೀತಿಯನ್ನೂ ಬದಲಿಸಿಕೊಳ್ಳಿ: ಚಿವುಟಿ ಹಿಡಿಯದೆ, ಎಡ ಅಂಗೈಯನ್ನು ಸ್ಲೈಡಿನ ಹಿಂಭಾಗದ ಮೇಲೆ ಕವುಚಿ ಹಿಡಿದು, ಪಿಸ್ತೂಲನ್ನು ಎದೆಯ ಹತ್ತಿರ ತಂದು, ನಳಿಗೆ ಗುರಿಯ ದಿಕ್ಕಿಗೇ ಇರುವಂತೆ ನೋಡಿಕೊಂಡು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ಗುದ್ದುವಂತೆ ತಳ್ಳಿ.

ಪ್ರಶ್ನೆ: ಎಚ್-1ಬಿ ವೀಸಾದಲ್ಲಿ ಅಟ್ಲಾಂಟಾದಲ್ಲಿದ್ದೇನೆ. ಪಿಸ್ತೂಲು ಕೊಳ್ಳದೆ, ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಅಭ್ಯಾಸ ಮಾಡಬಹುದಲ್ಲವೇ?

ಉತ್ತರ: ಹಾಗೆಂದುಕೊಂಡು ತೊಂದರೆಗೆ ಸಿಲುಕಬೇಡಿ. ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದನ್ನೇ ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ, ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದೂ ಅದರೊಳಗೇ ಬರುತ್ತದೆ. ಜೈಲುಶಿಕ್ಷೆಯ ಜೊತೆಗೆ ವೀಸಾಕ್ಕೂ ಕುತ್ತು. ಅಮೆರಿಕದ ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಕಾನೂನಿನಲ್ಲಿಯೇ ವಿನಾಯಿತಿ ಇದೆ. ಆದರೂ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳದೆ ಅದನ್ನು ನೆಚ್ಚಬೇಡಿ. ಅಲ್ಲಿಯವರೆಗೆ ಸ್ಥಳೀಯ ಪಂದ್ಯಗಳಿಗೆ ಹೋಗಿ, ರಟ್ಟಿನ ಗುರಿಗಳಿಗೆ ತೇಪೆ ಅಂಟಿಸುವುದಕ್ಕೂ ಟ್ಯಾಬ್ಲೆಟ್‌ನಲ್ಲಿ ಅಂಕ ಬರೆಯುವುದಕ್ಕೂ ಕೈಜೋಡಿಸಿ. ಅಂಥ ಸ್ವಯಂಸೇವಕರು ಎಲ್ಲ ಕ್ಲಬ್‌ಗಳಿಗೂ ಬೇಕು. ಅಂಕ ಬರೆಯುತ್ತಾ ಆಟಗಾರರ ಬೆನ್ನ ಹಿಂದೆಯೇ ನಡೆದಾಗ, ಯಾರ ಪಿಸ್ತೂಲು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶವೂ ಸಿಗುತ್ತದೆ.