ಓದುಗರ ಪ್ರಶ್ನೆ: ಎರಡೇ ತಿಂಗಳಿಗೆ ಊರಿಗೆ ಮರಳುವ ಹುಡುಗರು

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ನಮ್ಮೂರಿನ ದಲಿತ ಕೇರಿಯ 11 ಹುಡುಗರು ಎರಡು ವರ್ಷಗಳಲ್ಲಿ ಕೌಶಲ ತರಬೇತಿ ಮುಗಿಸಿ ಬೆಂಗಳೂರಿನ ಕಾರ್ಖಾನೆಗಳಿಗೆ ಸೇರಿದರು. ಈಗ ಅಲ್ಲಿ ಉಳಿದವರು ಇಬ್ಬರೇ. ಮರಳಿದವರು ‘ಅಲ್ಲಿ ಹೊಂದಲಿಲ್ಲ ಸರ್’ ಎನ್ನುತ್ತಾರೆ. ಊರ ಹಿರಿಯರು ‘ಇವರಿಗೆ ಮೈ ಬಗ್ಗುವುದಿಲ್ಲ’ ಎನ್ನುತ್ತಾರೆ. ಇವರಿಗೆ ಬೇರೆ ಕೆಲಸ ಹುಡುಕಿಕೊಡಬೇಕೇ?

ಉತ್ತರ: ಹತ್ತಿ ಬಿಡಿಸುವ ಹೊಲದಲ್ಲಿ ಬೆಳೆದ ಹುಡುಗರಿಗೆ ಮೈ ಬಗ್ಗುವುದಿಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಬೇರೆ ಕೆಲಸ ಹುಡುಕುವ ಮೊದಲು, ಮರಳಿದ ಒಂಬತ್ತು ಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ‘ಹೊಂದಲಿಲ್ಲ’ ಎಂಬುದನ್ನು ಬಿಡಿಸಿ ಕೇಳಿ. ತರಬೇತಿ ಕೇಂದ್ರವೊಂದರಲ್ಲಿ ಹಲವು ವರ್ಷ ದುಡಿದ ನನಗೆ ಆ ಪದದೊಳಗೆ ಹೆಚ್ಚಾಗಿ ಕಂಡದ್ದು ಕೆಲಸದ ಕಷ್ಟವಲ್ಲ, ಮೊದಲ ಸಂಬಳ ಕೈಗೆ ಬರುವ ತನಕದ ದಿನಗಳ ಕಷ್ಟ.

ಲೆಕ್ಕ ಹಾಕಿ ನೋಡಿ. ಜೂನ್ 3ರಂದು ಕೆಲಸಕ್ಕೆ ಸೇರಿದ ಹುಡುಗನಿಗೆ ಸಂಬಳ ಬರುವುದು ಜುಲೈ 7ರ ಹೊತ್ತಿಗೆ. ಆ 34 ದಿನ ಊಟ, ಬಸ್ಸು, ಕೋಣೆಯ ಪಾಲು ಎಲ್ಲವೂ ಕೈಯಿಂದಲೇ ನಡೆಯಬೇಕು. ಮನೆಯವರು ಎರಡು ಸಾವಿರ ಕೊಟ್ಟು ಕಳಿಸಿರುತ್ತಾರೆ, ಅದು ಹದಿನೈದನೆಯ ದಿನಕ್ಕೆ ಮುಗಿದಿರುತ್ತದೆ. ಅದೇ ವಾರ ಊರಲ್ಲಿ ಜಾತ್ರೆಯೋ ಮದುವೆಯೋ ಬಂದರೆ, ಹೋದವನು ತಿರುಗಿ ಬರುವುದಿಲ್ಲ. ಇದಕ್ಕೆ ಮದ್ದು ನಿಮ್ಮೂರಲ್ಲೇ ಇದೆ: ತಾಯಂದಿರ ಸ್ವಸಹಾಯ ಸಂಘದಿಂದ, ಮೊದಲ ಮೂರು ಸಂಬಳಗಳಲ್ಲಿ ತೀರಿಸುವ ಕರಾರಿನ ಮೇಲೆ, ಆರೇಳು ಸಾವಿರದ ಕೈಗಡ. 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ಕಲಿತವರಿಗೆ ಕೆಲಸ ಸಿಕ್ಕಿದ ಬಳಿಕವೂ ಕೆಲವು ತಿಂಗಳು ನೆರವು ಕೊಡುವ ಅವಕಾಶವಿದೆ; ನಿಮ್ಮ ಹುಡುಗರು ಆ ಯೋಜನೆಯಲ್ಲಿ ಕಲಿತವರಾಗಿದ್ದರೆ, ಆ ಹಣ ಬಂದಿದೆಯೇ ಎಂದು ತರಬೇತಿ ಸಂಸ್ಥೆಯನ್ನು ಲಿಖಿತವಾಗಿಯೇ ಕೇಳಿ.

ಇನ್ನು ಕೋಣೆಯ ವಿಷಯ. ನಗರದಲ್ಲಿ ಜಾತಿ ಕೇಳುವವರಿಲ್ಲ ಎಂದು ಹೇಳಿ ಮಕ್ಕಳನ್ನು ಕಳಿಸಬೇಡಿ. ಕಾರ್ಖಾನೆಯ ಗೇಟಿನಲ್ಲಿ ಯಾರೂ ಕೇಳದಿದ್ದರೂ, ಬಾಡಿಗೆ ಮನೆಯ ಬಾಗಿಲಲ್ಲಿ ‘ನೀವು ಯಾವ ಜನ?’ ಎಂಬ ಪ್ರಶ್ನೆ ಈಗಲೂ ಬರುತ್ತದೆ, ಮರುದಿನ ‘ಮನೆ ಬೇರೆಯವರಿಗೆ ಕೊಟ್ಟೆವು’ ಎಂಬ ಉತ್ತರವೂ ಬರುತ್ತದೆ. ನಾಲ್ಕು ಕಡೆ ಹಾಗೆ ಅನ್ನಿಸಿಕೊಂಡ ಹತ್ತೊಂಬತ್ತರ ಹುಡುಗ ಊರಲ್ಲಿ ಅದನ್ನು ಬಾಯಿಬಿಟ್ಟು ಹೇಳದೆ, ‘ಹೊಂದಲಿಲ್ಲ’ ಎನ್ನುತ್ತಾನೆ. ಆದ್ದರಿಂದ ಅಲ್ಲಿ ಉಳಿದಿರುವ ಆ ಇಬ್ಬರನ್ನು ಹಿಡಿಯಿರಿ. ಅವರ ಕೋಣೆಯಲ್ಲೋ ಪಕ್ಕದಲ್ಲೋ ಜಾಗ ಗೊತ್ತಾದ ಮೇಲೆಯೇ ಹೊಸಬನನ್ನು ಬಸ್ಸು ಹತ್ತಿಸಿ. ಒಬ್ಬನನ್ನೇ ಕಳಿಸುವುದಕ್ಕಿಂತ ಜೊತೆಯಲ್ಲಿ ಇಬ್ಬರನ್ನು ಕಳಿಸುವುದು ಲೇಸು.

ಮೂರನೆಯದು ಕಾಗದಪತ್ರ. ನಮ್ಮ ಕೇಂದ್ರದ ಒಬ್ಬ ಹುಡುಗನ ಹೆಸರು ಅಂಕಪಟ್ಟಿಯಲ್ಲಿ ‘ಹಣಮಂತ’, ಆಧಾರ್‌ನಲ್ಲಿ ‘ಹನುಮಂತ’. ಉತ್ತರ ಕರ್ನಾಟಕದ ಮನೆಮಾತಿಗೂ ಬರೆದುಕೊಂಡವರ ಕಿವಿಗೂ ಇರುವ ಅಷ್ಟೇ ಅಂತರದಿಂದ ಅವನ ಭವಿಷ್ಯನಿಧಿ ಖಾತೆ ತೆರೆಯಲಾಗದೆ, ‘ಸರಿಮಾಡಿಸಿಕೊಂಡು ಬಾ’ ಎಂದು ಕಳಿಸಿದರು. ಅವನು ಊರಲ್ಲೇ ಉಳಿದುಬಿಟ್ಟ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಪುಸ್ತಕ ಈ ಮೂರರಲ್ಲಿ ಹೆಸರು ಮತ್ತು ಹುಟ್ಟಿದ ದಿನಾಂಕ ಅಕ್ಷರಶಃ ಒಂದೇ ಇವೆಯೇ ಎಂದು ಗ್ರಂಥಾಲಯದ ಮೇಜಿನ ಮೇಲಿಟ್ಟು ನೋಡಲು ನಿಮಗೆ ಹತ್ತು ನಿಮಿಷ ಸಾಕು.

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ನನ್ನದು 14 ಜನರ ಸಣ್ಣ ವರ್ಕ್‌ಶಾಪ್. ರಾಯಚೂರು, ಕಲಬುರಗಿ ಕಡೆಯ ಹುಡುಗರು ಬರುತ್ತಾರೆ, ಕಲಿಯುವಷ್ಟರಲ್ಲಿ ಬಿಡುತ್ತಾರೆ. ನಾನೇನು ತಪ್ಪು ಮಾಡುತ್ತಿದ್ದೇನೆ?

ಉತ್ತರ: ಹೀಗೆ ಕೇಳುವ ಮಾಲೀಕರು ವಿರಳ, ಅದಕ್ಕಾಗಿ ಅಭಿನಂದನೆ. ಒಂದು ದಿನ ನಿಮ್ಮ ಸೂಪರ್‌ವೈಸರ್ ಹೊಸ ಹುಡುಗನನ್ನು ಹೇಗೆ ಕರೆಯುತ್ತಾರೆಂದು ಸುಮ್ಮನೆ ನಿಂತು ಕೇಳಿಸಿಕೊಳ್ಳಿ. ‘ಏ ರಾಯಚೂರು, ಇಲ್ಲಿ ಬಾ’ ಎಂದು ಕೂಗುವುದು, ಅವನು ‘ಹೌದ್ರೀ’ ಎಂದರೆ ಅಣಕಿಸಿ ನಗುವುದು ನಡೆದಿದ್ದರೆ, ಮೊದಲು ಅದು ನಿಲ್ಲಬೇಕು. ಸೇರಿದ ಎಂಟನೆಯ ದಿನಕ್ಕೆ ದುಡಿದ ದಿನಗಳ ಸಂಬಳದಲ್ಲಿ ಸ್ವಲ್ಪ ಮುಂಗಡ ಕೊಡಿ.

ಹತ್ತು ಮಂದಿಗಿಂತ ಹೆಚ್ಚಿರುವುದರಿಂದ ನಿಮಗೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರನ್ನು ಸೇರಿದ ದಿನವೇ ನೋಂದಾಯಿಸಿ, ಕಾರ್ಡನ್ನು ಅವರ ಕೈಗೇ ಕೊಡಿ. ವೈದ್ಯಕೀಯ ಸೌಲಭ್ಯ ಮೊದಲ ದಿನದಿಂದಲೇ ಸಿಗುತ್ತದೆ. ಎಷ್ಟೋ ಹುಡುಗರು ಒಂದು ಜ್ವರಕ್ಕೆ ಊರು ಸೇರುವುದು, ಇಲ್ಲಿ ತೋರಿಸಿಕೊಳ್ಳುವ ಜಾಗ ಗೊತ್ತಿಲ್ಲದೆ. 30 ಮಂದಿಗಿಂತ ಕಡಿಮೆ ಇರುವುದರಿಂದ ಅಪ್ರೆಂಟಿಸ್, ಅಂದರೆ ಶಿಷ್ಯವೇತನ ಪಡೆದು ಕೆಲಸ ಕಲಿಯುವವರನ್ನು, ತೆಗೆದುಕೊಳ್ಳುವುದು ನಿಮಗೆ ಕಡ್ಡಾಯವಲ್ಲ, ಆದರೆ ಬಯಸಿದರೆ ತೆಗೆದುಕೊಳ್ಳಬಹುದು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಶಿಷ್ಯವೇತನದ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಭರಿಸುತ್ತದೆ. ಹುಡುಗನಿಗೂ ಕೊನೆಗೆ ಒಂದು ಪ್ರಮಾಣಪತ್ರ ಸಿಗುತ್ತದೆಂಬ ಆಸೆ ಇರುವುದರಿಂದ, ನಡುವೆ ಬಿಡಲು ಮನಸ್ಸು ಬಾರದು.

ಪ್ರಶ್ನೆ: ಪದವಿ ಮುಗಿಸಿದ ನನ್ನ ಮಗನಿಗೆ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಬರುತ್ತಿದೆ. ಈಗ ಹದಿನಾರು ಸಾವಿರದ ಕೆಲಸ ಸಿಕ್ಕಿದೆ. ಸೇರಿದರೆ ಆ ಹಣ ನಿಲ್ಲುತ್ತದಲ್ಲ ಎಂದು ಹಿಂಜರಿಯುತ್ತಿದ್ದಾನೆ.

ಉತ್ತರ: ನಿಲ್ಲುತ್ತದೆ, ತಾಯಿ. ಪದವೀಧರರಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿಯ ಆ ಭತ್ಯೆ ಹೆಚ್ಚೆಂದರೆ ಎರಡು ವರ್ಷ, ಅದಕ್ಕೂ ಮೊದಲೇ ಕೆಲಸ ಸಿಕ್ಕರೆ ಅಲ್ಲಿಗೇ ಮುಗಿಯುತ್ತದೆ. ಅವಧಿ ಮುಗಿದ ಮರುದಿನ ಇದೇ ಕೆಲಸ ಅವನಿಗಾಗಿ ಕಾದಿರುವುದಿಲ್ಲ. ಸೇರಲಿ; ಸೇರಿದ ವಿಷಯವನ್ನು ಮುಚ್ಚಿಡದೆ ತಿಳಿಸಲಿ. ಈ ತಿಂಗಳ ಮೂರು ಸಾವಿರ ಖಾತೆಯಲ್ಲಿದ್ದರೆ ಅದನ್ನು ಖರ್ಚು ಮಾಡಬೇಡಿ, ಮೊದಲ ಸಂಬಳದ ತನಕ ಬಸ್ಸಿಗೂ ಊಟಕ್ಕೂ ಬೇಕಾಗುತ್ತದೆ.