ಓದುಗರ ಪ್ರಶ್ನೆ: ಹೋಟ್ಲು ಅದೇ, ರುಚಿ ಯಾಕ ಬ್ಯಾರೆ?

ಪ್ರಶ್ನೆ: ಅಕ್ಕಾರ, ನಮ್ದು ಬಳ್ಳಾರಿ ಕೌಲ್ ಬಜಾರ್, ಮದ್ವಿ ಆಗಿ ಬೆಂಗಳೂರು ಸೇರಿ 16 ವರ್ಷ ಆತು. ಸಣ್ಣಾಕಿ ಇದ್ದಾಗ ಭಾನುವಾರ ಬೆಳಿಗ್ಗೆ ಅಪ್ಪ ಸೈಕಲ್ ಮ್ಯಾಲ ಕುಂದ್ರಿಸ್ಕೊಂಡು ಒಗ್ಗರಣಿ-ಮಿರ್ಚಿ ತಿನ್ನಾಕ ಒಂದು ಸಣ್ಣ ಹೋಟ್ಲಿಗೆ ಕರ್ಕೊಂಡು ಹೋಗ್ತಿದ್ರು. ಮೊನ್ನೆ ದಸರಾಕ್ಕ ನನ್ ಮಗನ್ನ ಅಲ್ಲಿಗೇ ಕರ್ಕೊಂಡು ಹೋದೆ. ಟೈಲ್ಸ್ ಹಾಕ್ಯಾರ, ಗ್ಯಾಸ್ ಒಲಿ ಬಂದೈತಿ, ಗೋಡಿಗೆ ಸ್ಕ್ಯಾನರ್ ಅಂಟಿಸ್ಯಾರ, ಎಲ್ಲಾ ಚೆಂದ ಐತಿ, ಆದ್ರ ಬಾಯಾಗ ಇಟ್ಕೊಂಡ್ರ ಅದು ಅಲ್ವೇ ಅಲ್ಲ. ಹೋಟ್ಲು ಬದ್ಲಾತೋ ನನ್ ನಾಲಿಗಿ ಬದ್ಲಾತೋ ತಿಳೀವಲ್ದು. ಅಪ್ಪ ಈಗಿಲ್ಲ.

ಉತ್ತರ: ತಂಗಿ, ನಿನ್ ನಾಲಿಗಿ ಮ್ಯಾಲ ಅನುಮಾನ ಪಡಬ್ಯಾಡ. ಒಗ್ಗರಣ್ಯಾಗ ಏನೈತಿ ಹೇಳು, ಮಂಡಕ್ಕಿ ನೀರಾಗ ಅದ್ದಿ ಹಿಂಡೋದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣ ಹಾಕಿ ಒಗ್ಗರಣಿ ಕೊಡೋದು, ಮ್ಯಾಲ ಪುಟಾಣಿ ಹಿಟ್ಟು, ಲಿಂಬಿಹುಳಿ, ಅಷ್ಟ. ಇಷ್ಟ ಸಾಮಾನಿನ ತಿಂಡಿಯಾಗ ಒಂದು ಬದ್ಲಾದ್ರೂ ಗೊತ್ತಾಗೇ ಆಗತೈತಿ.

ನನಗನ್ನಿಸೋದು ಮೊದ್ಲು ಎಣ್ಣಿ. ನಮ್ ಸೀಮಿ ಶೇಂಗಾ ಬೆಳಿಯೋ ಸೀಮಿ, ಆಗ ಬಾಣಲಿಗೆ ಬೀಳ್ತಿದ್ದುದು ಶೇಂಗಾ ಎಣ್ಣಿ, ಈಗ ಭಾಳ ಕಡೆ ಪಾಮಾಯಿಲ್. ಗಾಣದ ಶೇಂಗಾ ಎಣ್ಣಿಗೆ ತನ್ನದೇ ಒಂದು ವಾಸನಿ ಐತಿ, ಪಾಮಾಯಿಲ್‌ಗೆ ಅದಿಲ್ಲ, ಮಿರ್ಚಿ ಆರಿದ್ರ ಬಾಯಿಗೆ ಅಂಟಿದಂಗ ಬ್ಯಾರೆ ಆಗತೈತಿ. ಎರಡನೇದು ಹೊತ್ತು. ಮಂಡಕ್ಕಿ ಅದ್ದಿದ ಕೂಡ್ಲೇ ಹಿಂಡಿ ಬಾಣಲಿಗೆ ಹಾಕಿದ್ರ ಉದುರು-ಉದುರು ಇರತೈತಿ, ಆರು ಗಂಟೆಗೆ ದೊಡ್ಡ ಪಾತ್ರಿ ತುಂಬ ಮಾಡಿಟ್ಟು ಹತ್ತರ ತನಕ ಬಡಿಸಿದ್ರ ಮುದ್ದಿ ಆಗೇ ಆಗತೈತಿ. ನೀ ಎಷ್ಟೊತ್ತಿಗೆ ಹೋಗಿದ್ದಿ? ಅಪ್ಪನ ಜತಿ ಹೋಗ್ತಿದ್ದುದು ಎಷ್ಟೊತ್ತಿಗೆ? ಮುಂದಿನ ಸಲ ಬೆಳಗಾಗೋ ಮುಂದ ಹೋಗು, ತಟ್ಟಿಯಾಗ ಪೇರಿಸಿಟ್ಟಿದ್ದು ಬ್ಯಾಡ, ಬಾಣಲಿಯಿಂದ ಎತ್ತಿದ್ದೇ ಒಂದು ಮಿರ್ಚಿ ಕೊಡ್ರಿ ಅನ್ನು. ಮೂರನೇದು ಕೈ. ಹಿಟ್ಟು ಕಲಸೋರು ಅವರೇ ಅದಾರೋ ಇಲ್ಲೋ ಕೇಳು. ನಮ್ಮ ಓಣಿ ಹೋಟ್ಲಾಗ ಒಬ್ಬ ಅಜ್ಜಿ ಕಡ್ಲಿಹಿಟ್ಟು ಕಲಸ್ತಿದ್ಲು, ಆಕಿ ಹೋದ ವಾರಕ್ಕ ನಮಗ ಗೊತ್ತಾತು ಆ ಮಿರ್ಚಿ ಯಾರ್ದು ಅಂತ.

ಆದ್ರ ಎಲ್ಲಾ ಕೆಟ್ಟೋತು ಅಂತ ನಾ ಒಪ್ಪಂಗಿಲ್ಲ. ಆಗ ಪೇಪರ್ ತುಂಡಿನ್ಯಾಗ ಮಿರ್ಚಿ ಕಟ್ಟಿಕೊಡ್ತಿದ್ರು, ಆ ಮಸಿ ಹೊಟ್ಟಿಗೆ ಒಳ್ಳೇದಲ್ಲ, ಪೇಪರ್‌ನಾಗ ಆಹಾರ ಕಟ್ಟಬ್ಯಾಡ್ರಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರನೇ ಹೇಳೇತಿ. ಕರಿದ ಎಣ್ಣೀನ ಮತ್ತ ಮತ್ತ ಕಾಸೋದಕ್ಕೂ 2018ರ ಜುಲೈಯಿಂದ ಮಿತಿ ಐತಿ, ಎಣ್ಣಿ ಕೆಟ್ಟಾಗ ಹುಟ್ಟೋ ಪೋಲಾರ್ ಅಂಶ ಶೇಕಡಾ 25 ದಾಟಿದ್ರ ಅದನ್ನ ಅಡಿಗಿಗೆ ಬಳಸಂಗಿಲ್ಲ. ಇನ್ನೊಂದು, ನಾ ಸಣ್ಣಾಕಿ ಇದ್ದಾಗ ಹೆಣ್ಮಕ್ಳು ಒಬ್ರೇ ಹೋಟ್ಲಿಗೆ ಹೋಗೋದು ಇರ್ಲೇ ಇಲ್ಲ, ಗಂಡಸ್ರ ಜತಿ ಹೋದ್ರೂ ಫ್ಯಾಮಿಲಿ ರೂಮಿನ ಪರದೆ ಹಿಂದ ಕುಂದ್ರಬೇಕಿತ್ತು. ನೀ ಮಗನ ಕೈ ಹಿಡ್ಕೊಂಡು ಹೋಗಿ ಮುಂದಿನ ಟೇಬಲ್ಲಿಗೇ ಕುಂತು ಬಂದಿ ನೋಡು, ಅದು ನಂಗ ಭಾಳ ಖುಷಿ ಆತವ್ವ. ಅಪ್ಪ ಇಲ್ಲದ ಖಾಲಿ ಮಾತ್ರ ಯಾವ ಎಣ್ಣೀನೂ ತುಂಬಂಗಿಲ್ಲ, ಅದನ್ನ ಹೋಟ್ಲಿನ ಲೆಕ್ಕಕ್ಕ ಹಾಕಬ್ಯಾಡ.

ಪ್ರಶ್ನೆ: ಅಕ್ಕಾರ, ನಾ ರಾಯಚೂರಿನ ಹುಡುಗ, ಕೆಲ್ಸ ಬಳ್ಳಾರ್ಯಾಗ. ನಮ್ಮೂರಾಗ ಉಸ್ಮಾನಿಯಾ ಬಿಸ್ಕತ್, ಚಾ, ಬಿರಿಯಾನಿ ಅಂತ ಬೆಳೆದವ. ಇಷ್ಟ ಹತ್ರ ಇದ್ರೂ ಎರಡೂರಿನ ತಿಂಡಿ ಯಾಕ ಬ್ಯಾರೆ?

ಉತ್ತರ: ತಮ್ಮಾ, ರಾಯಚೂರು, ಕೊಪ್ಪಳ ನಿಜಾಮರ ಸೀಮಿ ಆಗಿದ್ವು, 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದಾಗೇ ಇದ್ವು. ಬಳ್ಳಾರಿ ಮದ್ರಾಸಿಗೆ ಸೇರಿತ್ತು, 1953ರ ಅಕ್ಟೋಬರ್ 1ಕ್ಕ ಮೈಸೂರಿಗೆ ಬಂತು. ಅದಕ್ಕ ನಿಮ್ಮೂರಿಗೆ ಹೈದರಾಬಾದಿನ ಚಾ, ಬಳ್ಳಾರಿಗೆ ಅನಂತಪುರ, ಕರ್ನೂಲಿನ ನೆಂಟಸ್ತನ, ನಾವು ಒಗ್ಗರಣಿ ಅನ್ನೋದನ್ನೇ ಅವರು ಉಗ್ಗಾಣಿ ಅಂತಾರ.

ಪ್ರಶ್ನೆ: ಕೊಪ್ಪಳದಾಗ ನಂದೊಂದು ಸಣ್ಣ ಹೋಟ್ಲು ಐತ್ರಿ, ಅಪ್ಪನ ಕಾಲದ್ದು. ಊರು ಬಿಟ್ಟೋರು ಬಂದು ತಿಂದು "ಮೊದ್ಲಿನಂಗ ಇಲ್ಲ ಬಿಡ್ರಿ" ಅಂದು ಹೋಗ್ತಾರ. ಶೇಂಗಾ ಎಣ್ಣಿ ಹಾಕಿದ್ರ ರೇಟು ಏರಿಸಬೇಕು, ದಿನಾ ಬರೋ ಕೂಲಿ ಮಂದಿಗೆ ಭಾರ ಆಗತೈತಿ. ಏನ್ ಮಾಡ್ಲಿ?

ಉತ್ತರ: ಅಣ್ಣಾ, ದಿನಾ ಬರೋರ ರೇಟು ಏರಿಸಬ್ಯಾಡ್ರಿ, ಹೋಟ್ಲು ನಿಂತಿರೋದು ಅವರಿಂದ. ಭಾನುವಾರ ಒಂದಿನ ಬ್ಯಾರೆ ಬಾಣಲಿ ಇಟ್ಟು ಶೇಂಗಾ ಎಣ್ಯಾಗ ಕರೀರಿ, ರೇಟು ಬ್ಯಾರೆ ಅಂತ ಬೋರ್ಡಿನ ಮ್ಯಾಲ ನೇರ ಬರೀರಿ. ಮೊದ್ಲಿನಂಗಿಲ್ಲ ಅಂದೋರನ್ನ ಹಂಗೇ ಕಳಿಸಬ್ಯಾಡ್ರಿ, ಏನಿಲ್ಲ ಅಂತ ಕೇಳ್ರಿ, ಖಾರನಾ, ಅಜವಾನನಾ, ಹಿಟ್ಟು ದಪ್ಪ ಆತಾ. ಜನವರಿಯಾಗ ಗವಿಮಠದ ಜಾತ್ರಿಗೆ ಊರು ಬಿಟ್ಟೋರೆಲ್ಲಾ ಬರ್ತಾರ, ಆ ವಾರ ಪೂರ್ತಿ ಶೇಂಗಾ ಎಣ್ಣಿ ಬಾಣಲಿ ಇಳಿಸಬ್ಯಾಡ್ರಿ.