400 ಗಜ ದೂರದ ಎಲ್ಕ್‌ಗೆ ಯಾವ ತೋಟಾ?

ಪ್ರಶ್ನೆ: ನಾನು ಸಾಗರ ತಾಲೂಕಿನವನು; ಉದ್ಯೋಗ ವೀಸಾದ ಮೇಲೆ ಅಮೆರಿಕದ ಕೊಲೊರಾಡೊದಲ್ಲಿದ್ದೇನೆ. ಅಲ್ಲಿಯ ಶಿಕಾರಿ ತರಬೇತಿ ಮುಗಿಸಿದ್ದು, ಈ ಋತುವಿನಲ್ಲಿ ಗೆಳೆಯರೊಂದಿಗೆ ಎಲ್ಕ್ ಬೇಟೆಗೆ ಹೊರಡುವವನಿದ್ದೇನೆ. 400 ಗಜದವರೆಗೂ ಈಡು ಹೊಡೆಯಬೇಕಾಗಬಹುದು ಎನ್ನುತ್ತಾರೆ. 6.5 ಕ್ರೀಡ್‌ಮೋರ್, .308 ವಿಂಚೆಸ್ಟರ್, .300 ವಿಂಚೆಸ್ಟರ್ ಮ್ಯಾಗ್ನಂ, ಈ ಮೂರು ತೋಟಾಗಳಲ್ಲಿ (ಕಾರ್ಟ್ರಿಡ್ಜ್‌ಗಳಲ್ಲಿ) ಯಾವುದನ್ನು ಆರಿಸಲಿ? ಮುಂದೆ ಊರಿಗೆ ಮರಳಿದಾಗ ತೋಟಕ್ಕೆ ನುಗ್ಗುವ ಹಂದಿಗಳಿಗೂ ಅಂಥ ರೈಫಲ್ ಆದೀತೇ?

ಉತ್ತರ: ನಮ್ಮ ಹಿರಿಯರು ಮರಸು ಕೂತ, ಅಂದರೆ ಮರೆಯಲ್ಲಿ ಅಡಗಿ ಪ್ರಾಣಿಗೆ ಕಾದ ಕಾಲದಲ್ಲಿ ಮೂವತ್ತು ಮಾರು ದೂರದ ಈಡೇ ದೊಡ್ಡದಾಗಿತ್ತು, ನೀವು ಹೇಳುವ 400 ಗಜವೆಂದರೆ 200 ಮಾರು. ಅಷ್ಟು ದೂರಕ್ಕೆ ತೋಟಾದ ಬಲಕ್ಕಿಂತ ಮೊದಲು, ಗುಂಡನ್ನು ನೀವು ಎಲ್ಲಿಗೆ ಮುಟ್ಟಿಸಬಲ್ಲಿರಿ ಎಂಬುದು ತೀರ್ಮಾನವಾಗಬೇಕು.

ಎಲ್ಕ್ ನಮ್ಮ ಕಡವೆಯ ದಾಯಾದಿ; ಬಲಿತ ಗಂಡು ಸುಮಾರು 300 ಕಿಲೋ ತೂಗುತ್ತದೆ. ಅದರ ಬೇಟೆಗೆ ಗುಂಡು ಕನಿಷ್ಠ .24 ಇಂಚು ವ್ಯಾಸದ್ದೂ 85 ಗ್ರೇನ್ (ಸುಮಾರು 5.5 ಗ್ರಾಂ) ತೂಕದ್ದೂ ಆಗಿರಬೇಕು, 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿಸಿಕೊಂಡಿರಬೇಕು ಎಂದು ಕೊಲೊರಾಡೊದ ನಿಯಮ ಹೇಳುತ್ತದೆ. ನಿಮ್ಮ ಮೂರು ತೋಟಾಗಳೂ ಇದನ್ನು ಸುಲಭವಾಗಿ ದಾಟುವುದರಿಂದ ಆಯ್ಕೆಯ ಹೊಣೆ ನಿಮ್ಮ ಮೇಲೆಯೇ ಉಳಿಯುತ್ತದೆ.

ಮೂರರಲ್ಲಿ 6.5 ಕ್ರೀಡ್‌ಮೋರ್ ಕಿರಿಯದು. 2007ರಲ್ಲಿ ಗುರಿ ಸ್ಪರ್ಧೆಗಳಿಗಾಗಿ ಬಂದದ್ದು. ಅದರ 143 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಹೊರಡುತ್ತದೆ. 200 ಗಜಕ್ಕೆ ಗುರಿ ಕೂಡಿಸಿದ, ಅಂದರೆ ಆ ದೂರದಲ್ಲಿ ಗುಂಡು ನೇರ ಗುರಿಗೇ ತಾಗುವಂತೆ ಹೊಂದಿಸಿದ ರೈಫಲ್‌ನಲ್ಲಿ ಅದು 300 ಗಜದಲ್ಲಿ ಸುಮಾರು 8 ಇಂಚು, 400ರಲ್ಲಿ ಸುಮಾರು 22 ಇಂಚು ಕೆಳಗೆ ಬೀಳುತ್ತದೆ. ದೂರ ಅಳೆಯುವ ಯಂತ್ರವಿದ್ದರೆ ಈ ಇಳಿತವನ್ನು ರೈಫಲ್ ಮೇಲಿನ ದುರ್ಬೀನಿನ ತಿರುಪಿನಲ್ಲೇ ಸರಿಪಡಿಸಬಹುದು. ಗಾಳಿಗೆ ಅಂಥ ಉಪಾಯವಿಲ್ಲ. ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿ ಇದೇ ಗುಂಡನ್ನು 400 ಗಜದಲ್ಲಿ ಸುಮಾರು 9 ಇಂಚು ಪಕ್ಕಕ್ಕೆ ತಳ್ಳಿದರೆ, .308ರ ಸಾಮಾನ್ಯ 165 ಗ್ರೇನ್ ಗುಂಡನ್ನು 13 ಇಂಚಿನಷ್ಟು ತಳ್ಳುತ್ತದೆ. ಎಲ್ಕ್‌ನ ಎದೆಗೂಡಿನಲ್ಲಿ ಗುಂಡು ತಗುಲಬೇಕಾದ ಜಾಗವೋ ಒಂದು ಹರಿವಾಣದಷ್ಟು. ನಮ್ಮ ಕಡೆಯ ಬ್ಯಾಣದ (ಹುಲ್ಲುಗಾವಲಿನ) ತುದಿಯಲ್ಲಿ ನಿಂತು ಕೆಳಗಿನ ತೋಟವನ್ನು ನೋಡಿದ್ದೀರಲ್ಲ, ಕಾಲಬುಡದ ಹುಲ್ಲು ನೆಲಕ್ಕೊರಗಿರುವಾಗ ಕಣಿವೆಯ ಅಡಿಕೆಸೋಗೆ ಅಲುಗದೆ ನಿಂತಿರುತ್ತದೆ. ಗುಂಡು ಹಾಯಬೇಕಾದದ್ದು ಇಂಥ ಎರಡು ಮೂರು ಬಗೆಯ ಗಾಳಿಯ ನಡುವೆ. ಅಲ್ಲದೆ 400 ಗಜ ಕ್ರಮಿಸಲು ಗುಂಡಿಗೆ ಹತ್ತಿರಹತ್ತಿರ ಅರ್ಧ ಸೆಕೆಂಡು ಬೇಕು, ಮೇಯುತ್ತಿರುವ ಪ್ರಾಣಿ ಒಂದು ಹೆಜ್ಜೆ ಮುಂದಿಡಲು ಅಷ್ಟು ಸಾಕು. ಎದೆಗೆ ಬೀಳಬೇಕಾದ ಏಟು ಹೊಟ್ಟೆಗೆ ಬೀಳುವುದು ಹೀಗೆ, ಮತ್ತು ಹಾಗೆ ಗಾಯಗೊಂಡ ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುತ್ತದೆ.

1963ರ .300 ಮ್ಯಾಗ್ನಂ ಕಾಗದದ ಮೇಲೆ ಎಲ್ಲರಿಗಿಂತ ಮುಂದು. ಎಲ್ಕ್‌ಗೆ 1,500 ಅಡಿ-ಪೌಂಡ್ ಬೇಕೆಂಬುದು ಅಲ್ಲಿಯ ಹಳೆಯ ಶಿಕಾರಿಗಳ ಲೆಕ್ಕ; 400 ಗಜದಲ್ಲಿ ಉಳಿದೆರಡು ತೋಟಾಗಳು ಆ ಅಂಚಿನಲ್ಲಿದ್ದರೆ ಇದರ 180 ಗ್ರೇನ್ ಗುಂಡಿನಲ್ಲಿ ಸುಮಾರು 2,000 ಉಳಿದಿರುತ್ತದೆ. ಆದರೆ ಅಷ್ಟೇ ತೂಕದ ರೈಫಲ್‌ನಲ್ಲಿ ಇದು ಭುಜಕ್ಕೆ ಕೊಡುವ ಒದೆತ ಕ್ರೀಡ್‌ಮೋರ್‌ನ ಸುಮಾರು ಎರಡು ಪಟ್ಟು. ಒಂದು ಪರೀಕ್ಷೆ ಮಾಡಿ: ಗುರಿಮೈದಾನದಲ್ಲಿ, ನಿಮಗೆ ತಿಳಿಯದಂತೆ ಗೆಳೆಯರು ತೋಟಾಗಳ ನಡುವೆ ಮದ್ದಿಲ್ಲದ ಕವಾಯತು ತೋಟಾ ಸೇರಿಸಲಿ. ಕುದುರೆ (ಟ್ರಿಗರ್) ಎಳೆದಾಗ ಈಡು ಹಾರದಿದ್ದರೂ ಕೋವಿಯ ಮೂತಿ ಕೆಳಗೆ ಕುಕ್ಕಿದರೆ, ಒದೆತಕ್ಕೆ ಅಂಜಿ ಮೈ ಮೊದಲೇ ಬಿಗಿಯುತ್ತಿದೆ ಎಂದರ್ಥ. ತರಬೇತಿ ಕೊಡುವಾಗ ಗಟ್ಟಿ ಆಳುಗಳಲ್ಲೂ ಇದನ್ನು ಕಂಡಿದ್ದೇನೆ, ಮತ್ತು ಅವರಲ್ಲಿ ಯಾರಿಗೂ ತಾವು ಕುಕ್ಕುತ್ತಿರುವುದು ಗೊತ್ತಿರಲಿಲ್ಲ.

ಆದ್ದರಿಂದ ಮೊದಲ ಋತುವಿಗೆ 6.5 ಕ್ರೀಡ್‌ಮೋರ್ ತೆಗೆದುಕೊಳ್ಳಿ, 300 ಗಜವನ್ನೇ ನಿಮ್ಮ ಗಡಿಯಾಗಿಸಿ. ಅದರಾಚೆಯ ಪ್ರಾಣಿಗೆ ಹತ್ತಿರವಾಗುವುದೇ ಬೇಟೆ ಎನ್ನುವುದು ನನ್ನ ನಂಬಿಕೆ. .308 ರೈಫಲ್ ಈಗಾಗಲೇ ಕೈಲಿದ್ದರೆ ಬದಲಿಸುವ ಅಗತ್ಯವಿಲ್ಲ. ಯಾವುದಾದರೂ ಸರಿ, ಸ್ಪರ್ಧೆಯ ಗುಂಡು ಬೇಡ. ಮೂಳೆಗೆ ತಗುಲಿದರೂ ಚೂರಾಗದೆ ಅರಳುವ, ಒಳಗಿನ ಸೀಸಕ್ಕೆ ಬೆಸೆದ ಕವಚದ ಅಥವಾ ಪೂರ್ತಿ ತಾಮ್ರದ ಬೇಟೆಗುಂಡೇ ಇರಲಿ. ಉದ್ಯೋಗ ವೀಸಾದಲ್ಲಿರುವವರು ಅಲ್ಲಿ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಚಾಲ್ತಿಯಲ್ಲಿರುವ ಶಿಕಾರಿ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಹಾಗಾಗಿ ರೈಫಲ್ ಮುಟ್ಟುವ ಮೊದಲೇ ಪರವಾನಗಿ ಕೈಲಿರಲಿ.

ಊರಿನ ಹಂದಿಯ ಮಾತಿಗೆ ನನ್ನ ಉತ್ತರ ಬೇಡವೆಂದೇ. ಬೆಳೆ ರಕ್ಷಣೆಗೆಂದು ಕೋವಿಯ ಲೈಸೆನ್ಸ್ ಇದ್ದರೂ ಅದು ಬೇಟೆಯ ಅನುಮತಿಯಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಂದಿ ಹೊಡೆಯುವುದು ಅಪರಾಧ. ಅದಿರಲಿ, ಗುರಿ ತಪ್ಪಿದ ರೈಫಲ್ ಗುಂಡು ಮೂರು ಕಿಲೋಮೀಟರಿಗೂ ಆಚೆ ಹೋಗಬಲ್ಲದು, ನಮ್ಮಲ್ಲಿ ತೋಟದ ಬೇಲಿ ದಾಟಿದರೆ ಯಾರದೋ ಮನೆಯಂಗಳ ಸಿಗುತ್ತದೆ.